ಶುಗರ್ ಸರಿಯಿದೆ, ಮತ್ತೆ ಮಾವನವರಿಗೆ ಏನಾಗಿದೆ?

ಈ ಸಲ ಲಿವರ್ ಬಗ್ಗೆ ಬಂದ ಪತ್ರಗಳನ್ನೆಲ್ಲ ಒಂದೇ ಕಡೆ ಹಾಕಿದ್ದೇನೆ. ಹೆಚ್ಚುಕಡಿಮೆ ಎಲ್ಲರ ಸಂಶಯವೂ ಒಂದೇ: ಲಿವರ್ ಕೆಟ್ಟರೆ ತಲೆ ಯಾಕೆ ಕೆಡುತ್ತದೆ? ಮೊದಲ ಪತ್ರಕ್ಕೆ ಉದ್ದನೆಯ ಉತ್ತರ ಬರೆದಿದ್ದೇನೆ. ಅದನ್ನು ಓದಿದರೆ ಉಳಿದವು ಬೇಗ ಅರ್ಥವಾಗುತ್ತವೆ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನಮ್ಮ ಮಾವನವರಿಗೆ 61 ವರ್ಷ. ಲಿವರ್ ಸಿರೋಸಿಸ್ ಇದೆ. ಹೊಟ್ಟೆಯಲ್ಲಿ ನೀರು ತುಂಬಿತ್ತು, ಮಾತ್ರೆಯಿಂದ ಇಳಿದಿದೆ. ಈಗ ಕೆಲವು ವಾರಗಳಿಂದ ರಾತ್ರಿಯೆಲ್ಲ ಎದ್ದು ಕೂರುತ್ತಾರೆ, ಹಗಲು ತಟ್ಟೆಯ ಮುಂದೆಯೇ ತೂಕಡಿಸುತ್ತಾರೆ. ಹಾಲಿನ ಡೇರಿಯಲ್ಲಿ ಸಹಿ ಮಾಡಲು ಹೋಗಿ, ಅರ್ಧ ಹೆಸರು ಬರೆದು ಪೆನ್ನು ಹಿಡಿದುಕೊಂಡೇ ನಿಂತುಬಿಟ್ಟರಂತೆ. ಮೊನ್ನೆ ಬೆಳಿಗ್ಗೆ ಅಂಗಿಯನ್ನು ಒಳಮೈ ಹೊರಗೆ ಮಾಡಿ ಹಾಕಿಕೊಂಡು ಬಂದು, ಮೊಮ್ಮಗನನ್ನು ನನ್ನ ಯಜಮಾನರ ಹೆಸರಿನಿಂದ ಕರೆದರು. ಶುಗರ್ ಇಳಿದಿರಬೇಕು ಎಂದು ಪಕ್ಕದ ಮನೆಯವರು ಸಕ್ಕರೆ ನೀರು ತಂದರು. ಕುಡಿಸುವ ಮೊದಲು ಮಿಷನ್‌ನಲ್ಲಿ ನೋಡಿದೆವು, 118 ಇತ್ತು. ಆಸ್ಪತ್ರೆಯಲ್ಲಿ ‘ಲಿವರ್ ಒಳಗೆ ರಕ್ತ ಸರಿಯಾಗಿ ಓಡಾಡುತ್ತಿಲ್ಲ, ಅದಕ್ಕೇ ತಲೆಗೆ ಎಫೆಕ್ಟ್ ಆಗಿದೆ’ ಎಂದರು. ಅದಕ್ಕಿಂತ ಜಾಸ್ತಿ ಹೇಳಲಿಲ್ಲ. ತಲೆಗೆ ಗ್ಲೂಕೋಸ್ ಹೋಗುತ್ತಿಲ್ಲವೇ? ಯಾರೋ ಹೇಳಿದರೆಂದು ಬೇಳೆ, ಹಾಲು, ಮೊಟ್ಟೆ ಎಲ್ಲ ನಿಲ್ಲಿಸಿದ್ದೇವೆ. ಸರಿಯೇ?
— ಒಬ್ಬ ಸೊಸೆ, ಹಾವೇರಿ ಜಿಲ್ಲೆ

ಉತ್ತರ: ಇದು ಅಚ್ಚಾಗುವ ತನಕ ನೀವು ಕಾಯಬಾರದೆಂದು ನಿಮಗೆ ಬೇರೆಯಾಗಿ ಕಾಗದ ಬರೆದಿದ್ದೇನೆ. ತಲುಪಿರಬೇಕು. ಇಲ್ಲಿ ಬರೆಯುತ್ತಿರುವುದು ನಿಮ್ಮಂಥದೇ ಸ್ಥಿತಿಯಲ್ಲಿರುವ ಬೇರೆ ಮನೆಗಳವರಿಗೂ ಸೇರಿಸಿ.

ಸಕ್ಕರೆ ನೀರು ಕುಡಿಸುವ ಮೊದಲು ಶುಗರ್ ನೋಡಿದಿರಲ್ಲ, ಬಹಳ ಒಳ್ಳೆಯ ಕೆಲಸ. ಲಿವರ್ ರೋಗಿ ತಬ್ಬಿಬ್ಬಾದರೆ ಮೊದಲು ಮಾಡಬೇಕಾದ್ದು ಅದೇ. 70ಕ್ಕಿಂತ ಕಡಿಮೆ ಇದ್ದು, ಎಚ್ಚರವಾಗಿದ್ದು, ನುಂಗಲು ಆಗುತ್ತಿದ್ದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕೊಡಿ. ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. ಎಚ್ಚರವಿಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಆದರೆ 118 ನೋಡಿ ‘ಸದ್ಯ, ಏನೂ ಇಲ್ಲ’ ಎಂದು ಉಸಿರು ಬಿಟ್ಟರೆ ಅದು ಅಪಾಯ. ಶುಗರ್ ಸರಿಯಿದ್ದೂ ಮನುಷ್ಯ ಹೀಗೆ ಆಡುತ್ತಿದ್ದಾರೆ ಎಂದರೆ ತೊಂದರೆ ಬೇರೆ ಕಡೆಯಿಂದ ಬಂದಿದೆ.

ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮ ಮಿದುಳಿನ ತೂಕ ಒಂದೂಕಾಲು, ಒಂದೂವರೆ ಕಿಲೋ ಅಷ್ಟೇ. ಮೈತೂಕದಲ್ಲಿ ನೂರಕ್ಕೆ ಎರಡು ಪಾಲು. ಆದರೆ ದಿನಕ್ಕೆ 100ರಿಂದ 120 ಗ್ರಾಂ ಗ್ಲೂಕೋಸ್ ಅದೊಂದಕ್ಕೇ ಬೇಕು, ಅಂದರೆ ಗಂಟೆಗೆ ಸುಮಾರು 5 ಗ್ರಾಂ. ಈಗ ಇನ್ನೊಂದು ಲೆಕ್ಕ ನೋಡಿ. ಮೈಯಲ್ಲಿರುವ ಐದು ಲೀಟರ್ ರಕ್ತದಲ್ಲಿ ಯಾವುದೇ ಗಳಿಗೆಯಲ್ಲಿ ಕರಗಿರುವ ಗ್ಲೂಕೋಸ್ ಕೂಡ 4–5 ಗ್ರಾಂ ಮಾತ್ರ, ಒಂದು ಟೀ ಚಮಚದಷ್ಟು. ಮಿದುಳೊಂದೇ ಅದನ್ನು ಒಂದು ಗಂಟೆಯಲ್ಲಿ ಮುಗಿಸಿಬಿಡುತ್ತದೆ. ಹಾಗಿದ್ದರೂ ರಾತ್ರಿ ಒಂಬತ್ತಕ್ಕೆ ಉಂಡು ಮಲಗಿದವರು ಬೆಳಿಗ್ಗೆ ಏಳಕ್ಕೆ ಸರಿಯಾಗಿಯೇ ಏಳುತ್ತಾರಲ್ಲ, ಅದಕ್ಕೆ ಕಾರಣ ಲಿವರ್. ಉಂಡಾಗ ಬಂದ ಗ್ಲೂಕೋಸ್‌ನಲ್ಲಿ ಒಂದು ಪಾಲನ್ನು ಗ್ಲೈಕೋಜೆನ್ ಎಂಬ ರೂಪದಲ್ಲಿ, ಸುಮಾರು 100 ಗ್ರಾಂನಷ್ಟು, ಅದು ಕೂಡಿಟ್ಟುಕೊಂಡಿರುತ್ತದೆ. ರಾತ್ರಿಯಿಡೀ ಅಷ್ಟಷ್ಟೇ ಬಿಡುತ್ತಾ ಹೋಗುತ್ತದೆ. ಅದು ಕಮ್ಮಿಯಾಗುತ್ತಾ ಬಂದಂತೆ ಬೇರೆ ಪದಾರ್ಥಗಳಿಂದ ಹೊಸದಾಗಿ ಗ್ಲೂಕೋಸ್ ತಯಾರಿಸುತ್ತದೆ.

ಲಿವರ್ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫ್ರಾಂಕ್ ಮ್ಯಾನ್ ಎಂಬ ವಿಜ್ಞಾನಿ 1920ರ ದಶಕದ ಶುರುವಿನಲ್ಲಿ ನಾಯಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಲಿವರ್ ತೆಗೆದ ನಾಯಿ ಕೆಲವು ಗಂಟೆ ಚೆನ್ನಾಗಿಯೇ ಓಡಾಡುತ್ತಿತ್ತು. ಆಮೇಲೆ ಕಾಲು ಸೋತು, ಸೆಳೆತ ಬಂದು ಬೀಳುತ್ತಿತ್ತು. ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟ ಕೂಡಲೇ ಎದ್ದು ಬಾಲ ಅಲ್ಲಾಡಿಸುತ್ತಿತ್ತು. ಆದರೆ ಎಷ್ಟು ಗ್ಲೂಕೋಸ್ ಕೊಟ್ಟರೂ ಒಂದು ಹಂತದ ಮೇಲೆ ಅದು ಉಳಿಯುತ್ತಿರಲಿಲ್ಲ. ಅಂದರೆ ಲಿವರ್ ಮಿದುಳಿಗೆ ಗ್ಲೂಕೋಸ್ ಜೊತೆ ಇನ್ನೇನೋ ಉಪಕಾರ ಮಾಡುತ್ತಿದೆ ಎಂದಾಯಿತಲ್ವಾ?

ಆ ‘ಇನ್ನೇನೋ’ ಗೊತ್ತಾಗಿದ್ದು ಅದಕ್ಕೂ ಮುಂಚೆ, ರಷ್ಯಾದಲ್ಲಿ. 1877ರಲ್ಲಿ ನಿಕೊಲಾಯ್ ಎಕ್ ಎಂಬ ಮಿಲಿಟರಿ ಸರ್ಜನ್ ಒಂದು ವಿಚಿತ್ರ ಆಪರೇಷನ್ ಮಾಡಿದ್ದರು. ಕರುಳಿನ ರಕ್ತವನ್ನು ಲಿವರ್‌ಗೆ ಒಯ್ಯುವ ದೊಡ್ಡ ನಾಳವನ್ನು, ಲಿವರ್ ಒಳಗೆ ಬಿಡದೆ, ಪಕ್ಕದ ದೊಡ್ಡ ನಾಳಕ್ಕೆ ನೇರವಾಗಿ ಜೋಡಿಸಿದ್ದರು. 1893ರಲ್ಲಿ ಪಾವ್ಲೋವ್ ಮತ್ತು ಸಂಗಡಿಗರು ಅಂಥ ನಾಯಿಗಳನ್ನು ಸಾಕಿ ನೋಡಿದರು. (ಗಂಟೆ ಸದ್ದಿಗೆ ಜೊಲ್ಲು ಸುರಿಸುವ ನಾಯಿಯ ಕಥೆಯವರೇ ಈ ಪಾವ್ಲೋವ್.) ಮಾಂಸ ತಿಂದ ಮೇಲೆ ಆ ನಾಯಿಗಳು ತೂರಾಡುತ್ತಿದ್ದವು, ಕಣ್ಣು ಕಾಣದಂತೆ ಗೋಡೆಗೆ ಬಡಿದುಕೊಳ್ಳುತ್ತಿದ್ದವು, ಕೊನೆಗೆ ಪ್ರಜ್ಞೆ ತಪ್ಪುತ್ತಿದ್ದವು. ಲಿವರ್ ಹೊಟ್ಟೆಯಲ್ಲೇ ಇತ್ತು. ಕರುಳಿನ ರಕ್ತ ಅದರೊಳಗೆ ಹಾದು ಹೋಗುತ್ತಿರಲಿಲ್ಲ, ಅಷ್ಟೇ.

ನಿಮ್ಮ ಮಾವನವರ ಹೊಟ್ಟೆಯಲ್ಲಿ ಆಪರೇಷನ್ ಇಲ್ಲದೆಯೇ ಹೀಗಾಗಿದೆ. ಲಿವರ್‌ಗೆ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಬರುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಹೃದಯದಿಂದ ನೇರವಾಗಿ ಬಂದದ್ದಲ್ಲ, ಕರುಳು ಮತ್ತು ಗುಲ್ಮವನ್ನು (ಸ್ಪ್ಲೀನ್) ಹಾದು ಪೋರ್ಟಲ್ ನಾಳದಲ್ಲಿ ಬಂದದ್ದು. ಸಿರೋಸಿಸ್ ಆದಾಗ ಲಿವರ್ ಒಳಗೆಲ್ಲ ಗಾಯದ ನಾರು ಬೆಳೆದು ಗಂಟು ಕಟ್ಟುತ್ತದೆ. ರಕ್ತ ಒಳಗೆ ನುಗ್ಗಲಾರದೆ ಹಿಂದೆ ಒತ್ತಡ ಏರುತ್ತದೆ. ನಾಲೆಗೆ ಅಡ್ಡ ಒಡ್ಡು ಬಿದ್ದರೆ ನೀರು ಸುಮ್ನೆ ನಿಲ್ಲುತ್ತದೆಯೇ? ಪಕ್ಕದ ಬದು ಒಡೆದು ಹೊಲಕ್ಕೆ ಹರಿಯುತ್ತದೆ. ರಕ್ತವೂ ಅಷ್ಟೆ. ಅನ್ನನಾಳದ ಸುತ್ತ, ಹೊಕ್ಕುಳ ಸುತ್ತ, ಗುಲ್ಮದ ಪಕ್ಕ ಇರುವ ಸಣ್ಣ ನಾಳಗಳನ್ನು ಹಿಗ್ಗಿಸಿಕೊಂಡು ಅಲ್ಲಿಂದಲೇ ಹೃದಯಕ್ಕೆ ಹೋಗಿಬಿಡುತ್ತದೆ. ಅನ್ನನಾಳದ ಆ ಉಬ್ಬಿದ ನಾಳ ಒಡೆದಾಗಲೇ ರಕ್ತ ವಾಂತಿಯಾಗುವುದು.

ಕರುಳಿನ ರಕ್ತದಲ್ಲಿ ಅಮೋನಿಯ ಇರುತ್ತದೆ. ನಾವು ತಿಂದದ್ದರ ಮೇಲೆ ಬ್ಯಾಕ್ಟೀರಿಯಾ ಕೆಲಸ ಮಾಡಿದಾಗ, ಕರುಳಿನ ಜೀವಕೋಶಗಳು ಕೆಲಸ ಮಾಡಿದಾಗ ಅದು ಹುಟ್ಟುತ್ತದೆ. ಆರೋಗ್ಯವಂತರಲ್ಲಿ ಲಿವರ್ ಅದನ್ನು ಯೂರಿಯಾ ಮಾಡಿ ಮೂತ್ರದ ದಾರಿಗೆ ಬಿಡುತ್ತದೆ. ಸುತ್ತುದಾರಿ ಹಿಡಿದ ರಕ್ತದಲ್ಲಿ ಅದು ಹಾಗೆಯೇ ಉಳಿದು ಮಿದುಳಿಗೆ ಹೋಗುತ್ತದೆ. ಅಲ್ಲಿ ನರಕೋಶಗಳಿಗೆ ಒತ್ತಾಸೆಯಾಗಿರುವ ಆಸ್ಟ್ರೋಸೈಟ್ ಎಂಬ ಕೋಶಗಳು ಅಮೋನಿಯವನ್ನು ಹಿಡಿದು ಗ್ಲುಟಮಿನ್ ಮಾಡುತ್ತವೆ. ಗ್ಲುಟಮಿನ್ ಜಾಸ್ತಿಯಾದರೆ ಆ ಕೋಶಗಳು ನೀರೆಳೆದುಕೊಂಡು ಊದಿಕೊಳ್ಳುತ್ತವೆ. ಇಡೀ ಮಿದುಳಿನ ಕೆಲಸ ನಿಧಾನವಾಗುತ್ತದೆ. ಈ ಸ್ಥಿತಿಯಲ್ಲಿ ಮಿದುಳು ಗ್ಲೂಕೋಸ್ ಬಳಸುವ ಪ್ರಮಾಣವೇ ಇಳಿಯುತ್ತದೆ. ಅಂದರೆ ಗ್ಲೂಕೋಸ್ ಬಾಗಿಲಿಗೆ ಬಂದಿದೆ, ತೆಗೆದುಕೊಂಡು ಉರಿಸುವ ಶಕ್ತಿ ಕುಂದಿದೆ. ಆದ್ದರಿಂದ ನಿಮ್ಮ ಪ್ರಶ್ನೆಗೆ ನೇರ ಉತ್ತರ: ನಿಮ್ಮ ಮಾವನವರ ತಬ್ಬಿಬ್ಬಿಗೆ ಗ್ಲೂಕೋಸ್ ತಲುಪದಿರುವುದು ಕಾರಣವಲ್ಲ. ಸಕ್ಕರೆ ನೀರಿನಿಂದ ಅದು ಸರಿಹೋಗುವುದೂ ಇಲ್ಲ.

ಮನೆಯಲ್ಲೇ ಎರಡರ ವ್ಯತ್ಯಾಸ ತಕ್ಕಮಟ್ಟಿಗೆ ಗೊತ್ತಾಗುತ್ತದೆ. ಶುಗರ್ ಇಳಿದಾಗ ಸಾಮಾನ್ಯವಾಗಿ ಎಲ್ಲವೂ ನಿಮಿಷಗಳ ಲೆಕ್ಕದಲ್ಲಿ ನಡೆಯುತ್ತದೆ. ಬೆವರು, ನಡುಕ, ಎದೆ ಡವಡವ, ತಡೆಯಲಾರದ ಹಸಿವು. ಅಮೋನಿಯದ ತೊಂದರೆ ದಿನಗಟ್ಟಲೆ ಮೆಲ್ಲಗೆ ಏರುತ್ತದೆ. ಮೊದಲು ನಿದ್ದೆ ತಿರುವುಮುರುವಾಗುತ್ತದೆ, ಅಕ್ಷರ ಕೆಡುತ್ತದೆ, ಸಿಡುಕು ಬರುತ್ತದೆ. ನೀವು ಬರೆದಿರುವ ನಿದ್ದೆ, ಸಹಿ, ಅಂಗಿ, ಮೂರೂ ಪಾಠದಲ್ಲಿದ್ದಂತೆಯೇ ಇವೆ. ಎರಡೂ ಕೈ ಮುಂದೆ ಚಾಚಿ, ಅಂಗೈ ಹಿಂದಕ್ಕೆ ಮಡಿಸಿ, ಬೆರಳು ಅಗಲಿಸಿ ಹಿಡಿಯಲು ಹೇಳಿ. ಕೈ ಆಗಾಗ ತಟಕ್ಕನೆ ಕೆಳಗೆ ಬಿದ್ದು ಮತ್ತೆ ಮೇಲೇಳುತ್ತಿದ್ದರೆ ಅದೇ ದಿನ ಡಾಕ್ಟರಿಗೆ ತೋರಿಸಿ. ಇನ್ನೊಂದು ಸುಲಭದ ಪರೀಕ್ಷೆ ಇದೆ: ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತಾರೆ ಎಣಿಸಿ. ಹತ್ತು ಕೂಡ ದಾಟದಿದ್ದರೆ ಅನುಮಾನ ಪಡಬೇಕು. ಹಳ್ಳಿಯಲ್ಲಿ ದನ, ಎಮ್ಮೆ, ಕುರಿ ಸಾಕಿದವರು ಹತ್ತಕ್ಕೆ ತಡವರಿಸಿದರೆ ಅದು ಮರೆವು ಅಂತ ಬಿಡುವ ವಿಷಯವಲ್ಲ.

ಇದು ಏರಲು ಏನಾದರೂ ನೆಪ ಇದ್ದೇ ಇರುತ್ತದೆ. ಮೊದಲು ಮಲಬದ್ಧತೆ ಇದೆಯೇ ಕೇಳಿ. ನಮ್ಮ ತಾಲ್ಲೂಕು ಆಸ್ಪತ್ರೆಗೆ ಹೀಗೆ ಬರುವವರ ಮನೆಯವರನ್ನು ನಾನು ಕೇಳುವ ಮೊದಲ ಪ್ರಶ್ನೆಯೇ ‘ಕೊನೆಯ ಸಲ ಬಯಲಿಗೆ ಹೋಗಿದ್ದು ಯಾವಾಗ’ ಎಂದು. ಅರ್ಧ ಜನಕ್ಕೆ ಅದನ್ನು ಹೇಳಲು ನಾಚಿಕೆ, ಇನ್ನರ್ಧ ಜನ ಅದಕ್ಕೂ ತಲೆಗೂ ಏನು ಸಂಬಂಧ ಎಂದು ನನ್ನ ಮುಖ ನೋಡುತ್ತಾರೆ. ಮಲ ಕಪ್ಪಗೆ ಡಾಂಬರಿನಂತೆ ಹೋಗಿದೆಯೇ ನೋಡಿ, ಅದು ಒಳಗೆ ರಕ್ತ ಸೋರಿದ ಗುರುತು. ಹೊಟ್ಟೆಯ ನೀರಿಗೆ ಸೋಂಕು ತಗುಲಿರಬಹುದು. ನೀರಿಳಿಸುವ ಮಾತ್ರೆ ಜಾಸ್ತಿಯಾಗಿ ಪೊಟ್ಯಾಸಿಯಂ ಇಳಿದಿರಬಹುದು. ರಾತ್ರಿ ನಿದ್ದೆ ಬರಲಿ ಎಂದು ಯಾರಾದರೂ ನಿದ್ದೆ ಮಾತ್ರೆ ಕೊಟ್ಟಿರಬಹುದು. ಕೊಟ್ಟಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ.

ಔಷಧಿ ವಿಷಯಕ್ಕೆ ಬಂದರೆ, ಲ್ಯಾಕ್ಟುಲೋಸ್ ಎಂಬ ಸಿಹಿ ಸಿರಪ್ ಕೊಡುತ್ತಾರೆ. ಇದನ್ನು 1966ರಿಂದಲೂ ಇದಕ್ಕಾಗಿ ಬಳಸುತ್ತಿದ್ದಾರೆ. ಬರೀ ಭೇದಿಯ ಔಷಧಿ ಎಂದು ತಿಳಿದು ಎರಡು ದಿನ ಕೊಟ್ಟು ನಿಲ್ಲಿಸುವವರೇ ಜಾಸ್ತಿ. ಅದು ದೊಡ್ಡ ಕರುಳಿನಲ್ಲಿ ಹುಳಿ ಹುಟ್ಟಿಸಿ ಅಮೋನಿಯ ರಕ್ತಕ್ಕೆ ಸೇರದಂತೆ ಹಿಡಿದಿಟ್ಟು ಹೊರಗೆ ಕಳಿಸುತ್ತದೆ. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಹೋಗಬೇಕು, ಅದೇ ಗುರಿ. ಆರೆಂಟು ಸಲ ನೀರಾಗಿ ಹೋದರೆ ಡೋಸ್ ಜಾಸ್ತಿಯಾಗಿದೆ. ಮೈಯ ನೀರು ಆರಿ ತಬ್ಬಿಬ್ಬು ಇನ್ನೂ ಏರುತ್ತದೆ. ಕೆಲವರಿಗೆ ಜೊತೆಯಲ್ಲಿ ರಿಫಾಕ್ಸಿಮಿನ್ ಮಾತ್ರೆ ಬೇಕಾಗುತ್ತದೆ.

ಇನ್ನು ಊಟ. ನಿಮ್ಮ ಪತ್ರದಲ್ಲಿ ನನಗೆ ಸಿಟ್ಟು ಬಂದದ್ದು ಇಲ್ಲೇ. ಸಿಟ್ಟು ನಿಮ್ಮ ಮೇಲಲ್ಲ, ‘ಪ್ರೋಟೀನ್ ಬಂದ್ ಮಾಡಿ’ ಎಂದು ಹೇಳಿದವರ ಮೇಲೆ. ಪಾವ್ಲೋವ್ ನಾಯಿ ಮಾಂಸ ತಿಂದು ಬಿದ್ದಿತೆಂದು ಎಷ್ಟೋ ದಶಕ ವೈದ್ಯರೂ ಹಾಗೇ ಹೇಳುತ್ತಿದ್ದರು. ಈಗ ಹೇಳುವುದಿಲ್ಲ. ಕಾರಣ ಕೇಳಿ. ಇಲ್ಲೇ ಗ್ಲೂಕೋಸ್ ಮತ್ತು ಅಮೋನಿಯ ಒಂದನ್ನೊಂದು ಸಂಧಿಸುವುದು.

ಗಂಟು ಕಟ್ಟಿದ ಲಿವರ್‌ನಲ್ಲಿ ಗ್ಲೈಕೋಜೆನ್ ಕೂಡಿಡಲು ಜಾಗವೇ ಕಡಿಮೆ. ಆರೋಗ್ಯವಂತರು ಎರಡು ಮೂರು ದಿನ ಉಪವಾಸವಿದ್ದರೆ ಮೈ ಯಾವ ಸ್ಥಿತಿಗೆ ಬರುತ್ತದೋ, ಸಿರೋಸಿಸ್ ಇದ್ದವರ ಮೈ ಒಂದು ರಾತ್ರಿಯಲ್ಲೇ ಆ ಸ್ಥಿತಿಗೆ ಬರುತ್ತದೆ. ಮಿದುಳಿಗೆ ಮಾತ್ರ ಗಂಟೆಗೆ 5 ಗ್ರಾಂ ಬೇಕೇ ಬೇಕು. ಎಲ್ಲಿಂದ ತರುವುದು? ಮೈ ತನ್ನ ಮಾಂಸಖಂಡವನ್ನೇ ಕರಗಿಸಿ ಅದರಿಂದ ಗ್ಲೂಕೋಸ್ ಮಾಡುತ್ತದೆ. ಅದಕ್ಕೇ ಬೆಳಿಗ್ಗೆ ಶುಗರ್ ನೋಡಿದರೆ ಸರಿಯಾಗಿಯೇ ಇರುತ್ತದೆ, ತೋಳು ತೊಡೆ ಮಾತ್ರ ತಿಂಗಳಿಂದ ತಿಂಗಳಿಗೆ ಬಡಕಲಾಗುತ್ತಾ ಹೋಗುತ್ತವೆ. ಮಾಂಸಖಂಡ ಕರಗಿದಾಗ ಉಳಿಯುವ ಕಸದಲ್ಲಿ ಅಮೋನಿಯವೂ ಇದೆ. ಅದು ಸಾಲದೆಂಬಂತೆ, ಲಿವರ್ ಸೋತಾಗ ರಕ್ತದ ಅಮೋನಿಯವನ್ನು ಹಿಡಿಯುವ ಎರಡನೇ ದೊಡ್ಡ ಅಂಗವೇ ಮಾಂಸಖಂಡ. ಬೇಳೆ ನಿಲ್ಲಿಸಿದರೆ ಅಮೋನಿಯ ಇಳಿಯುವುದಿಲ್ಲ, ಏರುವ ದಾರಿ ಆಗುತ್ತದೆ.

ಆದ್ದರಿಂದ ಇವತ್ತಿನಿಂದಲೇ ಬೇಳೆ, ಹಾಲು, ಮೊಸರು ಶುರು ಮಾಡಿ. ಒಂದು ಕಿಲೋ ಮೈತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ಇದ್ದವರಿಗೆ 72ರಿಂದ 90 ಗ್ರಾಂ. (ಹೊಟ್ಟೆಯಲ್ಲಿ ನೀರಿದ್ದರೆ ನೀರಿನ ತೂಕ ಕಳೆದು ಲೆಕ್ಕ ಹಾಕಬೇಕು.) ಬೇಳೆಕಾಳು, ಹಾಲು ಮೊಸರಿನ ಪ್ರೋಟೀನ್ ಇವರಿಗೆ ಮಾಂಸಕ್ಕಿಂತ ಚೆನ್ನಾಗಿ ಒಗ್ಗುತ್ತದೆ. ಮೊಟ್ಟೆ ತಿನ್ನುವ ಮನೆಯಾದರೆ ಮೊಟ್ಟೆಯೂ ಇರಲಿ. ಹಗಲಲ್ಲಿ ಮೂರು ನಾಲ್ಕು ಗಂಟೆಗಿಂತ ಜಾಸ್ತಿ ಹೊಟ್ಟೆ ಖಾಲಿ ಬಿಡಬೇಡಿ. ಎಲ್ಲಕ್ಕಿಂತ ಮುಖ್ಯ, ಮಲಗುವ ಮುನ್ನ ಇನ್ನೊಂದು ಸಲ ತಿನ್ನಬೇಕು. ರಾತ್ರಿ ಊಟ ಎಂಟಕ್ಕೆ ಆಗಿದ್ದರೂ ಹತ್ತಕ್ಕೆ ಒಂದು ದೊಡ್ಡ ಲೋಟ ರಾಗಿ ಗಂಜಿ ಹಾಲು ಹಾಕಿ ಕೊಡಿ. ಇಲ್ಲವೇ ಒಂದು ಬಟ್ಟಲು ಮೊಸರವಲಕ್ಕಿ, ಅಥವಾ ಜೋಳದ ರೊಟ್ಟಿ ಹಾಲಿನಲ್ಲಿ ನೆನೆಸಿ. ಸುಮಾರು 50 ಗ್ರಾಂ ಪಿಷ್ಟ ಸಿಗಬೇಕು, ಅಷ್ಟೇ ಲೆಕ್ಕ. ಉಪ್ಪು ಬೇಡ, ಹೊಟ್ಟೆಯ ನೀರು ಮರುಕಳಿಸುತ್ತದೆ. ನಿಮ್ಮ ಕಡೆ ರೊಟ್ಟಿ ಜೊತೆ ಉಪ್ಪಿನಕಾಯಿ, ಚಟ್ನಿಪುಡಿ ಇಲ್ಲದೆ ನಡೆಯದು, ಗೊತ್ತು. ಅದನ್ನು ಮಾತ್ರ ಕಟ್ಟುನಿಟ್ಟಾಗಿ ತೆಗೆಯಿರಿ.

ಅವರಿಗೆ ಬೈಕ್ ಕೀ ಕೊಡಬೇಡಿ. ಪಂಪ್‌ಸೆಟ್ ಹತ್ತಿರ ಒಬ್ಬರನ್ನೇ ಬಿಡಬೇಡಿ. ಇದು ಔಷಧಿಗೆ ಬಗ್ಗುವ ತೊಂದರೆ, ತಿಳಿಯಾದ ಮೇಲೆ ತಾವೇ ಡೇರಿಗೆ ಹೋಗಲಿ. ಪದೇ ಪದೇ ಬರುತ್ತಿದ್ದರೆ ಲಿವರ್ ಕಸಿ ಬೇಕಾಗಬಹುದೇ ಎಂದು ಗ್ಯಾಸ್ಟ್ರೋ ತಜ್ಞರನ್ನು ಕೇಳಲು ಹಿಂಜರಿಯಬೇಡಿ. ಹಾಗೆ ಕೇಳಿದರೆ ಅಪಶಕುನ ಎಂದು ಸುಮ್ಮನಿದ್ದು ತಡ ಮಾಡಿಕೊಂಡವರನ್ನು ನೋಡಿದ್ದೇನೆ.

ಪ್ರಶ್ನೆ: ಅಮ್ಮನಿಗೆ 66. ಸಕ್ಕರೆ ಕಾಯಿಲೆ ಇದೆ. ಕುಡಿತದ ಮಾತೇ ಇಲ್ಲ, ಆದರೂ ಫ್ಯಾಟಿ ಲಿವರ್ ಮುಂದುವರಿದು ಸಿರೋಸಿಸ್ ಆಗಿದೆ ಎಂದರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಶುಗರ್ 66, 70 ಹೀಗೆ ಬರುತ್ತದೆ. ಊಟ ಆದ ಮೇಲೆ 260! ಮೂರು ತಿಂಗಳ ಸರಾಸರಿ ಎಚ್‌ಬಿಎ1ಸಿ ಮಾತ್ರ 5.6. ಗ್ಲಿಮಿಪಿರೈಡ್ ತೆಗೆದುಕೊಳ್ಳುತ್ತಾರೆ. ಏಕಾದಶಿ ತಪ್ಪಿಸುವುದಿಲ್ಲ. ಯಾವುದನ್ನು ನಂಬಲಿ?
— ಶಿವಮೊಗ್ಗ

ಉತ್ತರ: ಬೆಳಗಿನ 66 ಮತ್ತು ಮಧ್ಯಾಹ್ನದ 260, ಎರಡನ್ನೂ ನಂಬಿ. 5.6 ಅನ್ನು ನಂಬಬೇಡಿ. ಪೋರ್ಟಲ್ ಒತ್ತಡದಿಂದ ಗುಲ್ಮ ದೊಡ್ಡದಾಗುತ್ತದೆ, ಕೆಂಪು ರಕ್ತಕಣಗಳು ಅಲ್ಲಿ ಬೇಗ ಸಾಯುತ್ತವೆ. ಕಣಕ್ಕೆ ಸಕ್ಕರೆ ಅಂಟಲು ಸಾಕಷ್ಟು ದಿನವೇ ಸಿಗುವುದಿಲ್ಲ. ಹೀಗಾಗಿ ಸಿರೋಸಿಸ್ ಇದ್ದವರಲ್ಲಿ ಈ ಪರೀಕ್ಷೆ ನಿಜಕ್ಕಿಂತ ಕಡಿಮೆ ತೋರಿಸುವುದುಂಟು. ಮಿಷನ್‌ನಲ್ಲಿ ಬೆರಳಿನ ರಕ್ತ ನೋಡುವುದೇ ವಾಸಿ.

ಮೇಲಿನ ಉತ್ತರದ ಸುತ್ತುದಾರಿ ನೆನಪಿದೆಯಲ್ಲ, ಅದೇ ಇಲ್ಲೂ ಆಟ ಆಡುತ್ತಿದೆ. ಊಟದ ಗ್ಲೂಕೋಸ್ ಮೊದಲು ಲಿವರ್‌ಗೆ ಹೋಗಿ ಒಂದು ಪಾಲು ಅಲ್ಲಿ ನಿಲ್ಲಬೇಕಿತ್ತು. ಅದು ಪಕ್ಕದಿಂದ ಜಾರಿ ನೇರ ರಕ್ತಕ್ಕೆ ಸೇರಿತು, ಅದಕ್ಕೇ 260. ಕೂಡಿಟ್ಟದ್ದು ಇಲ್ಲದ ಕಾರಣ ಬೆಳಗಿನ ಜಾವ ಇಳಿಯಿತು, ಅದಕ್ಕೇ 66. ಇನ್ಸುಲಿನ್ ಕೂಡ ಅದೇ ಪೋರ್ಟಲ್ ನಾಳದಲ್ಲಿ ಹೊರಡುತ್ತದೆ. ಅದರಲ್ಲಿ ಸುಮಾರು ಅರ್ಧವನ್ನು ಮೊದಲ ಸುತ್ತಿನಲ್ಲೇ ಲಿವರ್ ತೆಗೆದುಹಾಕಬೇಕು. ಹಾಗೆ ತೆಗೆಯದಿದ್ದಾಗ ರಕ್ತದಲ್ಲಿ ಇನ್ಸುಲಿನ್ ಸದಾ ಜಾಸ್ತಿಯಾಗಿ, ಮೈ ಅದಕ್ಕೆ ಜಡ್ಡುಗಟ್ಟುತ್ತದೆ.

ಗ್ಲಿಮಿಪಿರೈಡ್ ನನಗೆ ಹೆದರಿಕೆ ತರಿಸುವ ಮಾತ್ರೆ. ಊಟ ಮಾಡಿರಲಿ, ಬಿಟ್ಟಿರಲಿ, ಅದು ಇನ್ಸುಲಿನ್ ಹಿಂಡುತ್ತಲೇ ಇರುತ್ತದೆ. ಲಿವರ್ ಸೋತವರಲ್ಲಿ ಅದರ ಪರಿಣಾಮ ಉದ್ದಕ್ಕೆ ಎಳೆಯುತ್ತದೆ. ಬೆಳಿಗ್ಗೆ 70ರ ಕೆಳಗೆ ಬರುತ್ತಿದೆ ಎಂದು ಇವತ್ತೇ ಫೋನ್ ಮಾಡಿ ಅವರ ಡಾಕ್ಟರಿಗೆ ಹೇಳಿ. ಬದಲಿ ಔಷಧಿ ಅವರೇ ಹೇಳುತ್ತಾರೆ. ಸಿರೋಸಿಸ್ ಬಲಿತವರಿಗೆ ಬಹಳ ಸಲ ಇನ್ಸುಲಿನ್ನೇ ಸುರಕ್ಷಿತ ಎನಿಸುತ್ತದೆ, ಅದೂ ಸಣ್ಣ ಡೋಸ್‌ನಿಂದ.

ಏಕಾದಶಿ ಬಗ್ಗೆ: ಬೇಡವೇ ಬೇಡ. ಅಮ್ಮ ಒಪ್ಪುವುದಿಲ್ಲ ಎಂದು ನೀವು ಮುಂದಿನ ತಿಂಗಳು ಬರೆಯುತ್ತೀರಿ. ಕಾಯಿಲೆಯವರಿಗೆ ಉಪವಾಸದಿಂದ ವಿನಾಯ್ತಿ ಇದೆ ಎಂದು ಅವರು ನಂಬುವ ಆಚಾರ್ಯರ ಬಾಯಿಂದಲೇ ಹೇಳಿಸಿ, ನನ್ನ ಮಾತಿಗಿಂತ ಅದು ಬೇಗ ಕೆಲಸ ಮಾಡುತ್ತದೆ. ಮಲಗುವ ಮುನ್ನ ಗಂಜಿ ಇವರಿಗೂ ಬೇಕು. ಸಕ್ಕರೆ ಕಾಯಿಲೆಯೆಂದು ಅದನ್ನು ಬಿಡಿಸಬೇಡಿ, ಬೆಲ್ಲ ಮಾತ್ರ ಹಾಕಬೇಡಿ.

ಪ್ರಶ್ನೆ: ನನ್ನ ರೂಮ್‌ಮೇಟ್‌ಗೆ 24 ವರ್ಷ. ಶನಿವಾರ ಮಧ್ಯಾಹ್ನದಿಂದ ಏನೂ ತಿನ್ನದೆ ರಾತ್ರಿಯೆಲ್ಲ ಕುಡಿದಿದ್ದ. ಭಾನುವಾರ ಹೊತ್ತೇರಿದರೂ ಏಳಲಿಲ್ಲ, ಮೈಯೆಲ್ಲ ತಣ್ಣಗೆ ಬೆವರಿತ್ತು. ‘ಮತ್ತು ಇಳಿಯಲಿ, ಮಲಗಲಿ ಬಿಡು’ ಎಂದರು ಎಲ್ಲ. ನನಗೆ ಭಯವಾಗಿ ಆಸ್ಪತ್ರೆಗೆ ಒಯ್ದೆ. ಶುಗರ್ 38 ಇತ್ತಂತೆ. ಲಿವರ್ ಟೆಸ್ಟ್, ಸ್ಕ್ಯಾನ್ ಎಲ್ಲ ನಾರ್ಮಲ್. ಲಿವರ್ ಚೆನ್ನಾಗಿದ್ದೂ ಹೀಗಾಗುತ್ತದಾ?
— ಬೆಂಗಳೂರು

ಉತ್ತರ: ಆಗುತ್ತದೆ. ನೀವು ಭಯಪಟ್ಟಿದ್ದರಿಂದ ಅವರು ಉಳಿದರು. ಕೂಡಿಟ್ಟ ಗ್ಲೈಕೋಜೆನ್ ಖಾಲಿಯಾದ ಮೇಲೆ ಲಿವರ್ ಹೊಸದಾಗಿ ಗ್ಲೂಕೋಸ್ ಮಾಡಬೇಕಲ್ಲ, ಆ ಕೆಲಸವನ್ನೇ ಆಲ್ಕೋಹಾಲ್ ತಡೆಹಿಡಿಯುತ್ತದೆ. ಹೊಟ್ಟೆ ತುಂಬ ತಿಂದು ಕುಡಿದವರಿಗೆ ಇದು ಅಷ್ಟಾಗಿ ಕಾಡದು. ಮಧ್ಯಾಹ್ನದಿಂದ ಖಾಲಿ ಹೊಟ್ಟೆ, ರಾತ್ರಿಯಿಡೀ ಕುಡಿತ, ಬೆಳಿಗ್ಗೆ ತನಕ ನಿದ್ದೆ: ಹೀಗಾದರೆ ಎರಡೂ ದಾರಿ ಮುಚ್ಚುತ್ತವೆ. ಬಾಯಿಂದ ವಾಸನೆ ಬರುತ್ತಿರುವುದರಿಂದ ಎಲ್ಲರೂ ಅಮಲು ಎಂದೇ ತಿಳಿಯುತ್ತಾರೆ. ಮಿದುಳು ಗ್ಲೂಕೋಸ್ ಇಲ್ಲದೆ ಹೆಚ್ಚು ಹೊತ್ತು ತಡೆಯಲಾರದು. ಕುಡಿದು ಮಲಗಿದವರನ್ನು ಎಬ್ಬಿಸಿದರೂ ಏಳದಿದ್ದರೆ ಶುಗರ್ ನೋಡಲೇಬೇಕು.

ದಿನಾ ಕುಡಿಯುವವರಿಗೆ ಇನ್ನೊಂದು ಮಾತು. ಅವರಲ್ಲಿ ಬಿ1, ಅಂದರೆ ಥಯಮಿನ್ ವಿಟಮಿನ್ ಕಡಿಮೆ ಇರುತ್ತದೆ. ಗ್ಲೂಕೋಸ್ ಉರಿಸಲು ಮಿದುಳಿಗೆ ಅದು ಬೇಕು. ಅದಿಲ್ಲದೆ ಬರೀ ಗ್ಲೂಕೋಸ್ ಬಾಟಲಿ ಏರಿಸಿದರೆ ನೆನಪು, ಕಣ್ಣಿನ ಚಲನೆ, ನಡಿಗೆ ಕೆಡುವ ಅಪಾಯ ಇದೆ. ಹಾಗಾಗಿ ಜೊತೆಯಲ್ಲೇ ಥಯಮಿನ್ ಇಂಜೆಕ್ಷನ್ ಕೊಡುತ್ತಾರೆ. ಆಸ್ಪತ್ರೆಯಲ್ಲಿ ‘ಇವರು ದಿನಾ ಕುಡಿಯುತ್ತಾರೆ’ ಎಂದು ಮರ್ಯಾದೆ ನೋಡದೆ ಹೇಳಿ.

ಪ್ರಶ್ನೆ: ಮಗನಿಗೆ 9 ವರ್ಷ. ರಕ್ತ ವಾಂತಿಯಾಗಿ ತೋರಿಸಿದಾಗ ಲಿವರ್‌ಗೆ ಹೋಗುವ ನಾಳವೇ ಮುಚ್ಚಿಕೊಂಡಿದೆ ಎಂದರು. ಲಿವರ್ ಟೆಸ್ಟ್ ಮಾತ್ರ ನಾರ್ಮಲ್. ಅವನ ತಲೆಗೆ ತೊಂದರೆಯಾಗುತ್ತದಾ? ಶುಗರ್ ಇಳಿಯುತ್ತದಾ?
— ಕೋಲಾರ

ಉತ್ತರ: ನಮ್ಮ ದೇಶದಲ್ಲಿ ಮಕ್ಕಳಿಗೆ ರಕ್ತ ವಾಂತಿಯಾಗಲು ಇದೊಂದು ಮುಖ್ಯ ಕಾರಣ. ಪೋರ್ಟಲ್ ನಾಳ ಲಿವರ್‌ನ ಹೊರಗೇ ಕಟ್ಟಿಕೊಂಡಿರುತ್ತದೆ. ಎಷ್ಟೋ ಮಕ್ಕಳಲ್ಲಿ ಯಾಕೆ ಎಂದು ಕಾರಣವೇ ಸಿಗುವುದಿಲ್ಲ, ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಲಿವರ್ ಕೋಶಗಳು ಆರೋಗ್ಯವಾಗಿವೆ, ಶುದ್ಧ ರಕ್ತದ ನಾಳವೂ ತೆರೆದಿದೆ. ಹಾಗಾಗಿ ಸಾಮಾನ್ಯವಾಗಿ ಶುಗರ್ ಇಳಿಯುವುದಿಲ್ಲ. ಆದರೆ ಕರುಳಿನ ರಕ್ತ ಸುತ್ತುದಾರಿ ಹಿಡಿದಿರುವುದು ನಿಜ. ಅದರಿಂದ ಕೆಲವು ಮಕ್ಕಳಲ್ಲಿ ಗಮನ ಸ್ವಲ್ಪ ಕಡಿಮೆಯಾಗುವುದುಂಟು. ಲೆಕ್ಕದಲ್ಲಿ ಹಿಂದೆ ಬಿದ್ದರೆ ಸೋಮಾರಿ ಎಂದು ಹೊಡೆಯದೆ ಡಾಕ್ಟರಿಗೆ ಹೇಳಿ. ಎಂಡೋಸ್ಕೋಪಿಯಲ್ಲಿ ಅನ್ನನಾಳದ ಉಬ್ಬಿದ ನಾಳಗಳಿಗೆ ಬ್ಯಾಂಡ್ ಹಾಕಿಸುವುದನ್ನು ಹೇಳಿದ ತಾರೀಕಿಗೆ ತಪ್ಪದೆ ಮಾಡಿಸಿ. ಮುಚ್ಚಿದ ಭಾಗವನ್ನು ದಾಟಿಸಿ ರಕ್ತವನ್ನು ಮತ್ತೆ ಲಿವರ್ ಒಳಕ್ಕೇ ಬಿಡುವ ಆಪರೇಷನ್ ಒಂದಿದೆ, ಮೆಸೊ-ರೆಕ್ಸ್ ಬೈಪಾಸ್ ಎಂದು. ಎಲ್ಲ ಮಕ್ಕಳಿಗೂ ಆಗುವುದಿಲ್ಲ, ನಿಮ್ಮ ಮಗನಿಗೆ ಆಗುತ್ತದೆಯೇ ಎಂದು ಮಕ್ಕಳ ಸರ್ಜನ್‌ರನ್ನು ಕೇಳಿ. ಗುಲ್ಮ ದೊಡ್ಡದಿದ್ದರೆ ಕಬಡ್ಡಿ ಬೇಡ. ನೋವಿಗೆ ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ.

ಪ್ರಶ್ನೆ: ಬಿಹಾರದಲ್ಲಿ ಲಿಚಿ ಹಣ್ಣು ತಿಂದು ಮಕ್ಕಳು ಸತ್ತ ಸುದ್ದಿ ಓದಿದ್ದೆ. ಅದಕ್ಕೂ ಲಿವರ್‌ಗೂ ಸಂಬಂಧ ಇದೆಯಂತೆ. ನಾನು ಶಾಲಾ ಶಿಕ್ಷಕ, ಮಕ್ಕಳು ಕೇಳುತ್ತಾರೆ.
— ಚಿತ್ರದುರ್ಗ

ಉತ್ತರ: ಇದೆ. ಮುಜಫ್ಫರ್‌ಪುರದಲ್ಲಿ ಮೇ, ಜೂನ್ ತಿಂಗಳಲ್ಲಿ ಮಕ್ಕಳು ಬೆಳಗಿನ ಜಾವ ಸೆಳೆತ ಬಂದು ಪ್ರಜ್ಞೆ ತಪ್ಪುತ್ತಿದ್ದರು. ಮಿದುಳು ಜ್ವರ ಎಂದೇ ವರ್ಷಗಟ್ಟಲೆ ಕರೆದರು. 2014ರಲ್ಲಿ ನಡೆಸಿದ ತನಿಖೆಯಲ್ಲಿ ಬಹಳ ಮಕ್ಕಳ ಶುಗರ್ 70ಕ್ಕಿಂತ ಕೆಳಗಿತ್ತು. ವರದಿ 2017ರಲ್ಲಿ ಪ್ರಕಟವಾಯಿತು. ಲಿಚಿಯಲ್ಲಿರುವ ಹೈಪೊಗ್ಲೈಸಿನ್ ಮತ್ತು ಅದರ ಜಾತಿಯ ಇನ್ನೊಂದು ಪದಾರ್ಥ ಕೊಬ್ಬು ಉರಿಯುವುದನ್ನು ತಡೆಯುತ್ತವೆ. ಕೊಬ್ಬಿನ ಶಕ್ತಿ ಇಲ್ಲದೆ ಲಿವರ್ ಹೊಸ ಗ್ಲೂಕೋಸ್ ಮಾಡಲಾರದು. ಇಲ್ಲಿ ರಕ್ತದ ಹರಿವು ಸರಿಯಾಗಿಯೇ ಇದೆ, ತಯಾರಿ ನಿಂತಿದೆ. ಹಗಲೆಲ್ಲ ತೋಟದಲ್ಲಿ ಲಿಚಿ ತಿಂದು, ರಾತ್ರಿ ಊಟವಿಲ್ಲದೆ ಮಲಗಿದ ಮಕ್ಕಳಿಗೇ ಅಪಾಯ ಜಾಸ್ತಿ ಇತ್ತು. ಹೊಟ್ಟೆಗಿಲ್ಲದ ಮಕ್ಕಳ ಲಿವರ್‌ನಲ್ಲಿ ಕೂಡಿಟ್ಟದ್ದೂ ಇರುವುದಿಲ್ಲ. ಹಣ್ಣಿನ ತಪ್ಪಿಗಿಂತ ಬಡತನದ ತಪ್ಪು ದೊಡ್ಡದು ಎಂದೇ ನನ್ನ ಅಭಿಪ್ರಾಯ. ರಾತ್ರಿ ಉಂಡು ಮಲಗುವ ನಿಮ್ಮ ಶಾಲೆಯ ಮಕ್ಕಳು ಲಿಚಿ ಸಿಕ್ಕರೆ ಧೈರ್ಯವಾಗಿ ತಿನ್ನಲಿ, ಕಾಯಿ ಹಣ್ಣು ಬೇಡ.

ಪ್ರಶ್ನೆ: ನನ್ನ ತಮ್ಮ ಹೃದಯ ಸೋತು ಐಸಿಯುನಲ್ಲಿದ್ದಾಗ ಎಸ್‌ಜಿಪಿಟಿ 3,000 ದಾಟಿತು, ಶುಗರ್ ಇಳಿಯಿತು. ವಾರದಲ್ಲಿ ಎಲ್ಲ ತಾನಾಗಿ ಕಮ್ಮಿಯಾಯಿತು. ಕಾಮಾಲೆ ಆಗಿತ್ತೇ?
— ಉಡುಪಿ

ಉತ್ತರ: ಅಲ್ಲ. ಬಿಪಿ ಬಿದ್ದು ಲಿವರ್‌ಗೆ ರಕ್ತ ಕಡಿಮೆಯಾದಾಗ ಆಮ್ಲಜನಕ ಸಾಲದೆ ಕೋಶಗಳು ಸಾಯುತ್ತವೆ. ‘ಶಾಕ್ ಲಿವರ್’ ಎನ್ನುತ್ತೇವೆ. ಆ ಕೋಶಗಳಿಂದ ರಕ್ತಕ್ಕೆ ಸೋರುವ ಎಂಜೈಮೇ ಎಸ್‌ಜಿಪಿಟಿ. ಅದು ಒಂದೆರಡು ದಿನದಲ್ಲೇ ಆಕಾಶಕ್ಕೇರುತ್ತದೆ, ರಕ್ತದ ಓಟ ಸರಿಯಾದರೆ ಅಷ್ಟೇ ಬೇಗ ಇಳಿಯುತ್ತದೆ. ಆ ದಿನಗಳಲ್ಲಿ ಗಂಟೆಗಂಟೆಗೂ ಬೆರಳು ಚುಚ್ಚಿ ಶುಗರ್ ನೋಡಿದ್ದು ಇದಕ್ಕೇ. ಈಗ ಲಿವರ್‌ಗೆ ಬೇರೆ ಔಷಧಿ ಬೇಡ, ಹೃದಯದ ಮಾತ್ರೆ ತಪ್ಪಿಸದಿದ್ದರೆ ಸಾಕು.

ಪ್ರಶ್ನೆ: ಲಿವರ್ ವೀಕ್ ಇರುವವರಿಗೆ ತಿಂಗಳಿಗೊಂದು ಗ್ಲೂಕೋಸ್ ಬಾಟಲಿ ಹಾಕಿಸಿದರೆ ತಲೆಗೆ ಶಕ್ತಿ ಬರುತ್ತದೆ ಎನ್ನುತ್ತಾರೆ. ನಿಜವೇ?
— ಮಂಡ್ಯ

ಉತ್ತರ: ಅರ್ಧ ಲೀಟರ್‌ನ ಶೇ 5ರ ಬಾಟಲಿಯಲ್ಲಿ ಇರುವುದು 25 ಗ್ರಾಂ ಗ್ಲೂಕೋಸ್. ಮಿದುಳಿಗೆ ಐದು ಗಂಟೆಗೆ ಆಗುತ್ತದೆ. ತಿಂಗಳ ಉಳಿದ ದಿನಗಳಿಗೆ ಅನ್ನ, ಮುದ್ದೆ, ಸೊಪ್ಪಿನ ಸಾರು ಇದೆಯಲ್ಲ.